ಸ್ಪ್ಯಾನಿಷ್‌ನ ‘ಕೆದಾರ್’: ಕನ್ನಡದ ಕಿವಿಗೆ ಹತ್ತಿರದ ಕ್ರಿಯಾಪದ

ಶುಕ್ರವಾರ ಸಂಜೆ ಮ್ಯಾಡ್ರಿಡ್‌ನಲ್ಲಿ ಯಾರಾದರೂ ‘ಊಟಕ್ಕೆ ಹೋಗೋಣ, ಬರ್ತೀಯಾ?’ ಎಂದು ಕರೆದರೆ ‘ಎ ಕೆದಾದೊ’ ಎಂದರೆ ಸಾಕು. ಬೇರೆಯವರೊಡನೆ ಮೊದಲೇ ಮಾತಾಗಿದೆ ಎಂದರ್ಥ. ಯಾರೊಡನೆ, ಎಲ್ಲಿ ಎಂದು ವಿವರಿಸಬೇಕಾಗಿಲ್ಲ. ‘ಕೆದಾಮೋಸ್ ಆ ಲಾಸ್ ಓಚೊ’ ಎಂದರೆ ಎಂಟು ಗಂಟೆಗೆ ಸಿಗೋಣ. ಹೇಳಿದ್ದನ್ನೇ ತಿರುಗಿಸಿ ಹೇಳುತ್ತಿದ್ದರೆ ‘ಎನ್ ಕೆ ಕೆದಾಮೋಸ್?’ ಎಂಬ ಪ್ರಶ್ನೆ ಬೀಳುತ್ತದೆ: ಕೊನೆಗೆ ಏನಂತಾಯ್ತು?

ನಿಘಂಟಿನಲ್ಲಿ ಈ ‘ಕೆದಾರ್’ ಕ್ರಿಯಾಪದಕ್ಕೆ ಉದ್ದನೆಯ ಅರ್ಥಪಟ್ಟಿಯಿದೆ. ಉಳಿ, ತಂಗು, ಒಪ್ಪು, ಗೊತ್ತುಮಾಡು, ಇರು, ಆಗು. ಪಟ್ಟಿಯನ್ನು ಬಾಯಿಪಾಠ ಮಾಡುವುದು ವ್ಯರ್ಥ ಶ್ರಮ. ಮೂಲ ಲ್ಯಾಟಿನ್ನಿನಲ್ಲಿ ಅದು ಶಾಂತಗೊಳಿಸು, ತಣಿಸು ಎಂಬರ್ಥದ ಪದ. ಓಡಾಟ ಮುಗಿದು ಒಂದು ನೆಲೆಗೆ ಬಂದು ನಿಲ್ಲುವುದೇ ಅದರ ಜೀವ. ಮಾತುಕತೆ ನೆಲೆಗೆ ಬಂದರೆ ಭೇಟಿ ಗೊತ್ತಾಗುತ್ತದೆ, ಅಂಗಿ ಮೈಮೇಲೆ ಸರಿಯಾಗಿ ಕೂತರೆ ಒಪ್ಪುತ್ತದೆ, ಖರ್ಚಾಗಿ ನಿಂತದ್ದು ಉಳಿಕೆ. ಬೆರಗಿನಿಂದ ಕಲ್ಲಾಗಿ ನಿಂತವರೂ ‘ಮೆ ಕೆದೆ ದೆ ಪಿಯೇದ್ರಾ’ ಎನ್ನುತ್ತಾರೆ.

ಕನ್ನಡಿಗರಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ‘ಮೆ ಕೇದಾನ್ ದೋಸ್ ದೀಯಾಸ್’ ಎಂದರೆ ನನಗೆ ಎರಡು ದಿನ ಉಳಿದಿವೆ. ಉಳಿದಿರುವುದು ದಿನಗಳು, ಕ್ರಿಯಾಪದ ಹೊಂದಿಕೊಳ್ಳುವುದೂ ದಿನಗಳಿಗೇ. ನಾನು ‘ನನಗೆ’ ಆಗಿ ಪಕ್ಕದಲ್ಲಿದ್ದೇನೆ. ‘ತೆ ಕೇದಾ ಬಿಯೆನ್’ ಕೂಡ ‘ನಿನಗೆ ಚೆನ್ನಾಗಿ ಒಪ್ಪುತ್ತೆ’ ಎಂಬ ನಮ್ಮದೇ ವಾಕ್ಯ. ಇನ್ನೂ ಸೊಗಸಿನ ಸಂಗತಿಯೆಂದರೆ ‘ಕೆದಾರ್’ಗೆ ‘ಸೆ’ ಸೇರಿ ‘ಕೆದಾರ್ಸೆ’ ಆಗುವುದು. ನಮ್ಮ ‘ಉಳಿ’ಗೆ ‘ಕೊಳ್ಳು’ ಸೇರಿದಂತೆಯೇ! ನೆಂಟರ ಮನೆಯಲ್ಲಿ ಉಳಿದುಕೊಳ್ಳುವುದಕ್ಕೂ ಕೆದಾರ್ಸೆ, ಅಂಗಡಿಯಲ್ಲಿ ಆರಿಸಿದ ಬಟ್ಟೆಯನ್ನು ತನಗೇ ಇಟ್ಟುಕೊಳ್ಳುವುದಕ್ಕೂ ಕೆದಾರ್ಸೆ: ‘ಮೆ ಲೊ ಕೇದೊ’. ಟ್ಯಾಕ್ಸಿಯವರಿಗೆ ‘ಚಿಲ್ಲರೆ ನೀವೇ ಇಟ್ಕೊಳ್ಳಿ’ ಎನ್ನುವಾಗಲೂ ಇದೇ ಪದ.

ಬಳಕೆ ಎಲ್ಲೆಡೆ ಒಂದೇ ಅಲ್ಲ. ‘ಎಲ್ಲಿದೆ ನಿಲ್ದಾಣ?’ ಎಂದು ಕೇಳಲು ಲ್ಯಾಟಿನ್ ಅಮೆರಿಕದಲ್ಲಿ ‘ದೊಂದೆ ಕೇದಾ’ ತೀರ ಸಾಮಾನ್ಯ. ಸ್ಪೇನ್‌ನಲ್ಲಿ ‘ದೊಂದೆ ಎಸ್ತಾ’ ಹೆಚ್ಚು. ಸ್ಪೇನ್‌ನ ಪಶ್ಚಿಮ ಭಾಗದ ಎಕ್ಸ್‌ತ್ರೆಮದುರಾ ಕಡೆ ಕೀಲಿಕೈಯನ್ನು ಮನೆಯಲ್ಲೇ ಬಿಟ್ಟುಬಂದೆ ಎನ್ನಲೂ ‘ಕೆದಾರ್’ ಬಳಸುವವರಿದ್ದಾರೆ.

2020ರ ಮಾರ್ಚ್ 14ರಂದು ಕೋವಿಡ್‌ನಿಂದಾಗಿ ಸ್ಪೇನ್ ತುರ್ತುಸ್ಥಿತಿ ಘೋಷಿಸಿದಾಗ ದೇಶದ ತುಂಬ ಕೇಳಿದ ಮಾತು ‘ಕೇದತೆ ಎನ್ ಕಾಸಾ’, ಮನೆಯಲ್ಲೇ ಇರು. ಗೆಳೆಯರ ಭೇಟಿಯನ್ನು ಗೊತ್ತುಮಾಡುತ್ತಿದ್ದ ಕ್ರಿಯಾಪದವೇ ಭೇಟಿಗಳನ್ನೆಲ್ಲ ನಿಲ್ಲಿಸುವ ಆದೇಶವೂ ಆಯಿತು.

ಸ್ಪ್ಯಾನಿಷ್ ಕಲಿಯುವ ನಮ್ಮ ಹುಡುಗರು ಪ್ರತಿ ವಾಕ್ಯವನ್ನೂ ಇಂಗ್ಲಿಷಿಗೆ ತಿರುಗಿಸಿ ತಡವರಿಸುತ್ತಾರೆ. ಈ ಕ್ರಿಯಾಪದದ ಮಟ್ಟಿಗಾದರೂ ಆ ಸುತ್ತುದಾರಿ ಬೇಡ. ಕಲಿಸುವವರು ‘ನನಗೆ ಉಳಿದಿದೆ’, ‘ಉಳಿದುಕೊಂಡೆ’ ಎಂಬ ಕನ್ನಡದ ವಾಕ್ಯಗಳಿಂದಲೇ ಪಾಠ ಶುರುಮಾಡಲಿ.