ಏಳುನೂರ ಹದಿನೈದನೆಯ ಹೊಡೆತ

ಕ್ರಿಕೆಟ್ಟಿನ ಸಿಕ್ಸರ್ ಕಂಡ ನಮಗೆ ಬೇಸ್‌ಬಾಲಿನ ‘ಹೋಮ್ ರನ್’ ತಿಳಿಯದ್ದೇನಲ್ಲ. ಚೆಂಡು ಬೇಲಿ ದಾಟಿತೆಂದರೆ ಆಟಗಾರನು ನಾಲ್ಕು ನೆಲೆಗಳನ್ನೂ ಸುತ್ತಿ ಬರುತ್ತಾನೆ. 1935ರಲ್ಲಿ ಆಟ ಬಿಟ್ಟ ಅಮೆರಿಕದ ಬೇಬ್ ರೂತನ ಹೆಸರಿನಲ್ಲಿ ಅಂಥ 714 ಹೊಡೆತಗಳಿದ್ದವು. ಅಲಬಾಮದ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿದ ಹ್ಯಾಂಕ್ ಆರನ್ 1973ರ ಕೊನೆಗೆ 713ಕ್ಕೆ ಬಂದು ನಿಂತನು. ಬಿಳಿಯನ ದಾಖಲೆ ಮುರಿದರೆ ಕೊಲ್ಲುವೆವೆಂಬ ಪತ್ರಗಳು ಮೂಟೆಗಟ್ಟಲೆ ಬಂದವು. ಅವನ್ನು ಅವನು ಎಸೆಯದೆ ಜೋಪಾನವಾಗಿ ಇಟ್ಟುಕೊಂಡನಂತೆ!

1974ರ ಏಪ್ರಿಲ್ 8ರ ರಾತ್ರಿ ಅಟ್ಲಾಂಟಾದಲ್ಲಿ 715ನೆಯದು ಬೇಲಿ ದಾಟಿತು. ಸುತ್ತು ಮುಗಿಸಿ ಬಂದ ಮಗನನ್ನು ತಾಯಿ ಎಸ್ಟೆಲ್ಲಾ ಬಿಗಿದಪ್ಪಿದಳು. ಅದು ಬರಿಯ ಹರ್ಷದ ಅಪ್ಪುಗೆಯಾಗಿರಲಾರದೆಂದು ನಮಗೆ ತೋರುತ್ತದೆ. 1976ರಲ್ಲಿ ಅವನು ಆಟ ಬಿಟ್ಟಾಗ ಲೆಕ್ಕ 755 ಮುಟ್ಟಿತ್ತು.