ತಮಟೆ ಏಟಿಗೆ ಜಾಗ ಬಿಡಬೇಕಿತ್ತು

ಆರ್.ಟಿ. ನಗರದ ಪುಟ್ಟ ಸ್ಟುಡಿಯೋ ಒಂದರಲ್ಲಿ ಸಹಾಯಕನ ಕೆಲಸ ಇದೆ ಎಂದು ಗೆಳೆಯ ಹೇಳಿದ. ಫೋನ್ ಮಾಡಿದರೆ, ‘ಸರ್ಟಿಫಿಕೇಟ್ ಬೇಡ, ನೀನೇ ಮಿಕ್ಸ್ ಮಾಡಿದ ಒಂದು ಹಾಡು ತಗೊಂಡು ಬಾ’ ಎಂದರು.

ನನ್ನ ಬಳಿ ಇದ್ದದ್ದು ಕಾಲೇಜು ಗೆಳೆಯರ ಹಾಡು. ತಮಟೆ, ಹಾರ್ಮೋನಿಯಂ, ಗಿಟಾರ್, ಎರಡು ದನಿ. ಯಲಹಂಕದ ನಮ್ಮ ಮಹಡಿ ರೂಮಿನಲ್ಲಿ ರೆಕಾರ್ಡ್ ಮಾಡಿದ್ದು. ವಾಯುನೆಲೆಯ ವಿಮಾನ ಹಾದುಹೋದಾಗಲೆಲ್ಲ ನಿಲ್ಲಿಸಿ, ಮತ್ತೆ ಶುರು ಮಾಡಿ, ಎರಡು ಭಾನುವಾರ ಹಿಡಿದಿತ್ತು.

ಮಿಕ್ಸ್ ಮಾಡಲು ಕೂತೆ. ದನಿ ಕೇಳಿಸುತ್ತಿಲ್ಲ ಅನ್ನಿಸಿತು, ಫೇಡರ್ ಏರಿಸಿದೆ. ಈಗ ತಮಟೆ ಸಪ್ಪೆ. ಅದನ್ನೂ ಏರಿಸಿದೆ. ಹಾರ್ಮೋನಿಯಂ ಮುಳುಗಿತು. ಮದುವೆ ಮನೆಯಲ್ಲಿ ಪಕ್ಕದವರ ಗಲಾಟೆ ಮೀರಿಸಲು ಎಲ್ಲರೂ ಕೂಗುತ್ತಾರಲ್ಲ, ಹಾಗೆ. ಕೊನೆಗೆ ಮಾಸ್ಟರ್ ಮೀಟರ್ ಕೆಂಪಾಯಿತು. ಲಿಮಿಟರ್ ಹಾಕಿ ಅದರ ಬಾಯಿ ಮುಚ್ಚಿಸಿದೆ. ಇಯರ್‌ಫೋನಿನಲ್ಲಿ ಭರ್ಜರಿಯಾಗಿಯೇ ಇತ್ತು!

ಸ್ಟುಡಿಯೋದ ಎಂಜಿನಿಯರ್ ನನ್ನ ಹಾಡಿನ ಪಕ್ಕ ಒಂದು ಸಿನಿಮಾ ಹಾಡು ಇಟ್ಟರು. ಎರಡೂ ಒಂದೇ ಜೋರಿಗೆ ಕೇಳುವವರೆಗೆ ನನ್ನದನ್ನು ಇಳಿಸಿದರು. ಅಷ್ಟೇ, ಬಂಡವಾಳ ಬಯಲಾಯಿತು. ತಮಟೆ ರಟ್ಟಿನ ಡಬ್ಬ ಬಡಿದಂತಿತ್ತು. ‘ತಮ್ಮಾ, ಏಟು ಮೇಲೇಳೋಕೆ ಜಾಗಾನೇ ಬಿಟ್ಟಿಲ್ವಲ್ಲೋ’ ಎಂದರು.

ಆ ಜಾಗಕ್ಕೇ ಹೆಡ್‌ರೂಮ್ ಅನ್ನುತ್ತಾರೆ. ಡಿಜಿಟಲ್ ಮೀಟರಿನಲ್ಲಿ 0 ಡೆಸಿಬಲ್ ಎಂಬುದು ಛಾವಣಿ. ರೈಲ್ವೆ ಅಂಡರ್‌ಪಾಸ್ ಮುಂದೆ ಲಾರಿಗಳಿಗೆಂದು ಅಡ್ಡ ಕಂಬಿ ಹಾಕಿರುತ್ತಾರಲ್ಲ, ಅದೇ ಲೆಕ್ಕ. ಲೋಡಿಗೂ ಕಂಬಿಗೂ ನಡುವಿನ ಖಾಲಿ ಜಾಗವೇ ಹೆಡ್‌ರೂಮ್. ಒಂದೊಂದು ಟ್ರ್ಯಾಕೂ ಕಂಬಿಯ ಕೆಳಗೇ ಇತ್ತು ನಿಜ. ಆದರೆ ಟ್ರ್ಯಾಕುಗಳು ಕೂಡಿಕೊಳ್ಳುತ್ತವೆ. ಸಮ ಮಟ್ಟದ ಎರಡು ಬೇರೆ ಬೇರೆ ವಾದ್ಯ ಸೇರಿದರೆ ಸುಮಾರು 3 ಡೆಸಿಬಲ್ ಏರುತ್ತದೆ. ಒಂದೇ ಸದ್ದಿನ ಎರಡು ಪ್ರತಿಯಾದರೆ 6.

‘ಮಾಸ್ಟರ್ ಫೇಡರ್ ಇಳಿಸಿದ್ರೆ ಸಾಕಲ್ವಾ ಸರ್?’ ಎಂದೆ. ಸಾಫ್ಟ್‌ವೇರ್ ಒಳಗೆ 32 ಬಿಟ್ ಫ್ಲೋಟ್ ಲೆಕ್ಕ ನಡೆಯುವುದರಿಂದ ಅಲ್ಲಿ ಮೀರಿದ್ದನ್ನು ಇಳಿಸಿಕೊಳ್ಳಬಹುದಂತೆ, ಲಿಮಿಟರನ್ನೂ ತೆಗೆದುಬಿಡಬಹುದು. ಆಮೇಲೆ ತಮಟೆಯ ಟ್ರ್ಯಾಕನ್ನು ದೊಡ್ಡದು ಮಾಡಿ ತೋರಿಸಿದರು. ಅಲೆಗಳ ತಲೆಗಳೆಲ್ಲ ಕತ್ತರಿಸಿದಂತೆ ಚಪ್ಪಟೆ! ರೆಕಾರ್ಡ್ ಮಾಡುವಾಗಲೇ ಮೈಕ್ ಗೇನ್ ಜಾಸ್ತಿ ಇಟ್ಟಿದ್ದೆ. ಅಲ್ಲಿ ಕತ್ತರಿಸಿ ಹೋದದ್ದು ಮತ್ತೆ ಸಿಗುವುದಿಲ್ಲ.

ಜೋರಾಗಿ ರೆಕಾರ್ಡ್ ಮಾಡಿದರೇ ಚೆಂದ ಎಂದು ಯಾರು ಹೇಳಿಕೊಟ್ಟರೋ ನೆನಪಿಲ್ಲ. ಟೇಪಿನ ಕಾಲದಲ್ಲಿ ‘ಹಿಸ್’ ಸದ್ದು ಮೀರಿಸಲು ಅದಕ್ಕೊಂದು ಅರ್ಥವಿತ್ತು. ಈಗ ಒಂದು ಬಿಟ್‌ಗೆ ಸುಮಾರು 6 ಡೆಸಿಬಲ್‌ನಂತೆ 24 ಬಿಟ್‌ಗೆ ಲೆಕ್ಕದಲ್ಲಿ 144 ಡೆಸಿಬಲ್ ಹರವು ಸಿಗುತ್ತದೆ. ಪೀಕ್ ಮೈನಸ್ 10ರ ಹತ್ತಿರ ನಿಂತರೂ ಕಳೆದುಕೊಳ್ಳುವಂಥದ್ದೇನಿಲ್ಲ. ಇಷ್ಟಕ್ಕೂ ಜೋರು ಹಾಡನ್ನು ಯೂಟ್ಯೂಬ್ ತಾನೇ ಇಳಿಸುತ್ತದೆ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತರುತ್ತದೆ. ನಾನು ಒದ್ದಾಡಿದ್ದು ಯಾರಿಗಾಗಿಯೋ!

ಆ ರಾತ್ರಿ ಎಲ್ಲ ಫೇಡರ್ ಕೆಳಗೆಳೆದು ಮೊದಲಿನಿಂದ ಶುರು ಮಾಡಿದೆ. ಮೊದಲು ದನಿ, ಅದರ ಸುತ್ತ ಉಳಿದದ್ದು. ಏನಾದರೂ ಕೇಳಿಸದಿದ್ದರೆ ಅದನ್ನು ಏರಿಸುವ ಬದಲು ಅಡ್ಡ ಬಂದದ್ದನ್ನು ಇಳಿಸಿದೆ. ಜೋರು ಬೇಕೆನಿಸಿದಾಗ ಸ್ಪೀಕರಿನ ಗುಂಡಿ ತಿರುಗಿಸಿದೆ. ಮಾಸ್ಟರ್ ಮೈನಸ್ 6 ದಾಟಲಿಲ್ಲ.

ಕಳಿಸಿದ್ದಕ್ಕೆ ಮರುದಿನ ಉತ್ತರ ಬಂತು: ‘ದನಿ ಚೆನ್ನಾಗಿ ಕೂತಿದೆ. ತಮಟೆ ಮತ್ತೆ ಬಾರಿಸಿ ತಾ, ಆಮೇಲೆ ಕೆಲಸದ ಮಾತು.’ ತಮಟೆಯ ಗೆಳೆಯ ಇರುವುದು ಯಶವಂತಪುರದಲ್ಲಿ. ಹೆಬ್ಬಾಳದ ಟ್ರಾಫಿಕ್‌ಗೆ ಬೈದುಕೊಂಡೇ ಭಾನುವಾರ ಬರಲು ಒಪ್ಪಿದ್ದಾನೆ. ಮೈಕ್ ಗೇನ್ ಈಗಲೇ ಇಳಿಸಿಟ್ಟಿದ್ದೇನೆ.