ಒಂದು ಮಿಲಿಮೀಟರ್ ಜಾರಿದರೆ ಎರಡು ಫ್ರೆಟ್ ಕೆಳಗೆ

ಗಿಟಾರಿಗೆ ಹೊಸ ತಂತಿ ಹಾಕಿದವರೆಲ್ಲ ಹೇಳುವ ದೂರು ಒಂದೇ: "ಶ್ರುತಿ ನಿಲ್ತಾನೇ ಇಲ್ಲ." ಶ್ರುತಿ ಮಾಡಿ ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಇಳಿದಿರುತ್ತದೆ. ತಂತಿಯೇ ಸರಿಯಿಲ್ಲ, ಅಂಗಡಿಯವರು ಹಳೇ ಮಾಲು ಕೊಟ್ಟಿದ್ದಾರೆ ಅಂತ ಬೈಯುವವರೂ ಉಂಟು. ಹೆಚ್ಚಿನ ಸಲ ತಪ್ಪು ತಂತಿಯದಲ್ಲ. ಎಲ್ಲೋ ಒಂದು ಕಡೆ ಅದು ಕೂದಲೆಳೆಯಷ್ಟು ಜಾರಿರುತ್ತದೆ. ಅಷ್ಟಕ್ಕೇ ಇಷ್ಟು ದೊಡ್ಡ ವ್ಯತ್ಯಾಸ ಯಾಕೆ ಅನ್ನೋದನ್ನು ಎಂಟು-ಒಂಬತ್ತನೇ ತರಗತಿಯ ಲೆಕ್ಕದಲ್ಲೇ ಕಂಡುಹಿಡಿಯಬಹುದು.

ಅದಕ್ಕೂ ಮೊದಲು ತಮಿಳುನಾಡಿನ ತೇನಿ ಜಿಲ್ಲೆಗೆ ಒಮ್ಮೆ ಹೋಗಿಬರೋಣ. ಪಶ್ಚಿಮ ಘಟ್ಟದ ಬುಡದಲ್ಲಿ, ಕೇರಳದ ಗಡಿಗೆ ತಾಗಿಕೊಂಡು ಕಂಬಂ ಕಣಿವೆ ಇದೆ. ಗದ್ದೆ, ತೆಂಗು, ದ್ರಾಕ್ಷಿ ಚಪ್ಪರಗಳ ಊರುಗಳು. ಅಲ್ಲಿ ಕಪ್ಪಿಲಿಯರ್ ಅಂತ ಕರೆಸಿಕೊಳ್ಳುವ ಒಕ್ಕಲಿಗರು ಇದ್ದಾರೆ; ಶಾಲೆಯಲ್ಲಿ ತಮಿಳು ಕಲಿತರೂ ಅವರ ಮನೆಮಾತು ಕನ್ನಡ. ಇದೇ ಕಣಿವೆಯ ಕಡೆಯ ಪಣ್ಣೈಪುರಂ ಎಂಬ ಹಳ್ಳಿಯಲ್ಲಿ 1943ರಲ್ಲಿ ಹುಟ್ಟಿದವರು ಇಳಯರಾಜ. ಆಗ ಅದು ಮದುರೈ ಜಿಲ್ಲೆಗೆ ಸೇರಿತ್ತು. ಅಣ್ಣ ಪಾವಲರ್ ವರದರಾಜನ್ ಅವರ ಹಾಡುತಂಡದ ಜೊತೆ ಹದಿನಾಲ್ಕರ ವಯಸ್ಸಿನಿಂದಲೇ ಊರೂರು ಸುತ್ತಿದರು. 1968ರಲ್ಲಿ ಮದ್ರಾಸಿಗೆ ಬಂದು ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಶಾಸ್ತ್ರೀಯ ಗಿಟಾರ್ ಪರೀಕ್ಷೆಯಲ್ಲಿ ಚಿನ್ನದ ಪದಕ ಪಡೆದರು.

ನಮಗೆ ಸಂಬಂಧಪಟ್ಟದ್ದು ಮುಂದಿನ ಮಾತು. 1976ರಲ್ಲಿ 'ಅನ್ನಕ್ಕಿಳಿ' ಚಿತ್ರದಿಂದ ಸಂಗೀತ ನಿರ್ದೇಶಕರಾಗುವ ಮೊದಲು ಅವರು ಬೇರೆಯವರ ವಾದ್ಯವೃಂದಗಳಲ್ಲಿ ಗಿಟಾರ್ ನುಡಿಸುತ್ತಿದ್ದರು. ನಮ್ಮ ಕನ್ನಡ ಚಿತ್ರರಂಗದ ಜಿ. ಕೆ. ವೆಂಕಟೇಶ್ ಅವರಿಗೆ ಹಲವು ವರ್ಷ ಸಹಾಯಕರಾಗಿದ್ದರು. ಆ ಚಿತ್ರಗಳಲ್ಲಿ ಕನ್ನಡದವೇ ಹೆಚ್ಚು. ಆಮೇಲೆ ಅವರದೇ ಸಂಗೀತದಲ್ಲಿ 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಬಂದವು.

ಆ ಕಾಲದ ಧ್ವನಿಮುದ್ರಣ ಈಗಿನ ಹಾಗಲ್ಲ. ಈಗ ಒಬ್ಬೊಬ್ಬರೇ ಬಂದು ತಮ್ಮ ಭಾಗ ನುಡಿಸಿ ಹೋಗಬಹುದು, ತಪ್ಪನ್ನು ಕಂಪ್ಯೂಟರಿನಲ್ಲಿ ತಿದ್ದಬಹುದು. ಆಗ ಗಾಯಕರು, ಪಿಟೀಲಿನವರು, ಕೊಳಲಿನವರು, ತಬಲದವರು ಎಲ್ಲರೂ ಒಟ್ಟಿಗೆ ಕೂತು ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಬೇಕಿತ್ತು. ಗಿಟಾರಿನ ಒಂದು ತಂತಿ ನಡುವೆ ಇಳಿದರೆ ಎಲ್ಲರೂ ಮತ್ತೆ ಮೊದಲಿನಿಂದ ಶುರು ಮಾಡಬೇಕು. ದಿನಗೂಲಿಯ ವಾದಕನಿಗೆ ತಂತಿ ಶ್ರುತಿಯಲ್ಲಿ ನಿಲ್ಲೋದು ಹೊಟ್ಟೆಪಾಡಿನ ಪ್ರಶ್ನೆ.

ಈಗ ಲೆಕ್ಕಕ್ಕೆ ಬರೋಣ. ಪ್ರಯೋಗಾಲಯದ ಸೋನೋಮೀಟರ್ ನೋಡಿದ್ದೀರಲ್ಲ? ಗಿಟಾರ್ ಅಂದರೆ ಆರು ಸೋನೋಮೀಟರ್ ಒಂದೇ ಪೆಟ್ಟಿಗೆಯ ಮೇಲೆ. ಫ್ರಾನ್ಸಿನ ಮರ್ಸೆನ್ 1636ರಲ್ಲಿ ಪ್ರಕಟಿಸಿದ ನಿಯಮ ಎರಡಕ್ಕೂ ಒಂದೇ. ತಂತಿ ಉದ್ದವಾದಷ್ಟೂ ಆವೃತ್ತಿ ಕಡಿಮೆ. ಬಿಗಿತದ ವರ್ಗಮೂಲಕ್ಕೆ ತಕ್ಕಂತೆ ಆವೃತ್ತಿ ಏರುತ್ತದೆ. ಮೀಟರಿಗೆ ಇಂತಿಷ್ಟು ಅನ್ನುವ ತೂಕ ಹೆಚ್ಚಿದರೆ, ಅದರ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ.

ಗಿಟಾರಿನ ತೆಳು ತಂತಿಯನ್ನು ಒಂದನೇ ತಂತಿ ಅಂತಾರೆ. ಅದರ ಆವೃತ್ತಿ ಸುಮಾರು 330 ಹರ್ಟ್ಜ್. ದಪ್ಪದ ಆರನೇ ತಂತಿಯದು 82 ಹರ್ಟ್ಜ್ ಚಿಲ್ಲರೆ, ಅಂದರೆ ಸರಿಯಾಗಿ ಕಾಲು ಭಾಗ. ಉದ್ದ ಎರಡಕ್ಕೂ ಒಂದೇ, ಸುಮಾರು 65 ಸೆಂಟಿಮೀಟರ್. ಬಿಗಿತವನ್ನೂ ಹೆಚ್ಚುಕಡಿಮೆ ಒಂದೇ ಇಟ್ಟರೆ ಆರನೇ ತಂತಿ ಹದಿನಾರು ಪಟ್ಟು ಭಾರ ಇರಬೇಕು. ಒಂದೇ ಉಕ್ಕಿನ ಎಳೆಯಲ್ಲಿ ಮಾಡಿದರೆ ನಾಲ್ಕು ಪಟ್ಟು ದಪ್ಪ ಆಗುತ್ತದೆ. ಅದು ತಂತಿಯ ಹಾಗೆ ಬಳುಕದೆ ಸರಳಿನ ಹಾಗೆ ಸೆಟೆದುಕೊಳ್ಳುತ್ತದೆ, ನಾದ ಕೆಡುತ್ತದೆ. ಅದಕ್ಕೇ ತೆಳು ಉಕ್ಕಿನ ಎಳೆಗೆ ಕಂಚಿನ ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ತೂಕ ಬಂತು, ಬಳುಕೂ ಉಳಿಯಿತು. ಉಗುರಿನಿಂದ ಗೀರಿ ನೋಡಿ, ಜರ್ ಅನ್ನುತ್ತೆ.

ಒಂದನೇ ತಂತಿಯನ್ನೇ ತೆಗೆದುಕೊಳ್ಳಿ. ದಪ್ಪ 0.3 ಮಿಲಿಮೀಟರ್. ಮಿಡಿಯುವ 65 ಸೆಂಟಿಮೀಟರಿನ ತೂಕ ಅರ್ಧ ಗ್ರಾಂ ಕೂಡ ಇಲ್ಲ. ಅದನ್ನು 330 ಹರ್ಟ್ಜಿಗೆ ತರಬೇಕಾದರೆ ಬೇಕಾಗುವ ಬಿಗಿತ ಸುಮಾರು 105 ನ್ಯೂಟನ್. ತುಂಬಿದ ಹತ್ತು ಲೀಟರ್ ನೀರಿನ ಬಕೆಟ್ಟನ್ನು ಆ ಎಳೆಗೆ ಕಟ್ಟಿ ತೂಗುಬಿಟ್ಟ ಹಾಗೆ! ಆರೂ ತಂತಿ ಸೇರಿದರೆ ಎಳೆತ 70 ಕಿಲೋ ದಾಟುತ್ತದೆ. ಒಬ್ಬ ವಯಸ್ಕನ ಭಾರವನ್ನು ಗಿಟಾರಿನ ಕತ್ತು ಹಗಲೂ ರಾತ್ರಿ ಹೊತ್ತುಕೊಂಡಿರುತ್ತದೆ.

ಇಷ್ಟು ಎಳೆದಾಗ ಉಕ್ಕು ಎಷ್ಟು ಹಿಗ್ಗುತ್ತದೆ? ಉಕ್ಕಿನ ಯಂಗ್ ಗುಣಾಂಕ ಸುಮಾರು 200 ಗಿಗಾಪ್ಯಾಸ್ಕಲ್ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ ಉದ್ದದ ಶೇಕಡಾ 0.7. ಬಿರಡೆಯಿಂದ ಕುದುರೆಯವರೆಗೆ 70 ಸೆಂಟಿಮೀಟರ್ ತಂತಿ ಅಂದರೆ ಹಿಗ್ಗಿದ್ದು ಬರೀ 5 ಮಿಲಿಮೀಟರ್. ಅಂದರೆ ಆ ಹತ್ತು ಕಿಲೋ ಬಿಗಿತ ಪೂರ್ತಿ ಇರುವುದು ಈ 5 ಮಿಲಿಮೀಟರಿನಲ್ಲಿ. ಕಂಬಕ್ಕೆ ಸುತ್ತಿದ ಸುರುಳಿ ಸ್ವಲ್ಪ ಬಿಗಿಯಾಗಿ ಕೂತು 1 ಮಿಲಿಮೀಟರ್ ಬಿಟ್ಟುಕೊಟ್ಟಿತು ಅನ್ನಿ. ಬಿಗಿತದ ಐದನೇ ಒಂದು ಭಾಗ ಹೋಯಿತು. 0.8ರ ವರ್ಗಮೂಲ 0.89. ಆವೃತ್ತಿ 330ರಿಂದ 295ಕ್ಕೆ ಬಿತ್ತು. ಗಿಟಾರಿನಲ್ಲಿ ಒಂದೊಂದು ಫ್ರೆಟ್ಟಿಗೂ ಆವೃತ್ತಿ ಸುಮಾರು ಶೇಕಡಾ 6 ಬದಲಾಗುತ್ತದೆ. ಅಲ್ಲಿಗೆ ಎರಡು ಫ್ರೆಟ್ ಕೆಳಗೆ ಇಳಿದ ಹಾಗಾಯಿತು. ಕಣ್ಣಿಗೆ ಕಾಣದಷ್ಟು ಜಾರಿದರೂ ಕಿವಿಗೆ ಕೇಳೋದು ಇದಕ್ಕೇ.

ಹಾಗಾಗಿ ತಂತಿ ಬದಲಿಸುವ ಕೆಲಸದಲ್ಲಿ ಮುಖ್ಯವಾದದ್ದು ಜಾರುವ ಜಾಗಗಳನ್ನು ಹುಡುಕೋದು. ಅಂಥ ಜಾಗ ಮೂರು. ಕೆಳಗೆ ಕುದುರೆಯ ಹತ್ತಿರ ತಂತಿಯ ತುದಿಯ ಗುಂಡು ಸರಿಯಾಗಿ ಮರಕ್ಕೆ ತಾಗಿ ಕೂತಿರಬೇಕು; ಪಿನ್ನಿನ ತುದಿಯ ಮೇಲೆ ಕೂತಿದ್ದರೆ ಬಿಗಿ ಮಾಡುವಾಗ ಪಿನ್ ಟಪ್ಪಂತ ಹಾರುತ್ತದೆ. ಮೇಲೆ ಕಂಬಕ್ಕೆ ಎರಡು-ಮೂರು ಸುತ್ತು ಸಾಕು, ಒಂದರ ಕೆಳಗೆ ಒಂದು ಬರುವಂತೆ. ಕೆಲವರು ಉಳಿದ ತಂತಿಯನ್ನೆಲ್ಲ ಹತ್ತು ಸುತ್ತು ಸುತ್ತಿಬಿಡುತ್ತಾರೆ; ಸುತ್ತು ಹೆಚ್ಚಾದಷ್ಟೂ ಜಾರಲು ಅವಕಾಶ ಹೆಚ್ಚು. ಮೂರನೆಯದು ಕತ್ತಿನ ತಲೆಯಲ್ಲಿರುವ ಬಿಳಿ ಪಟ್ಟಿಯ ಕಚ್ಚು. ಅಲ್ಲಿ ತಂತಿ ಜಾರುವ ಬದಲು ಕಚ್ಚಿಕೊಳ್ಳುತ್ತದೆ, ಆಮೇಲೆ ಬೇಡದ ಹೊತ್ತಿನಲ್ಲಿ 'ಟಿಕ್' ಅಂತ ಬಿಡುತ್ತದೆ. ಮದ್ದು ನಿಮ್ಮ ಕಂಪಾಸ್ ಪೆಟ್ಟಿಗೆಯಲ್ಲೇ ಇದೆ. ಆ ಕಚ್ಚಿನೊಳಗೆ ಪೆನ್ಸಿಲಿನ ಮೊನೆಯಿಂದ ನಾಲ್ಕು ಸಲ ಉಜ್ಜಿ. ಗ್ರಾಫೈಟ್ ಒಳ್ಳೆಯ ಒಣ ಜಾರುಪುಡಿ.

ತಂತಿ ಹಾಕಿ ಶ್ರುತಿಗೆ ತಂದ ಮೇಲೆ ಅದನ್ನು ನಡುವಿನಲ್ಲಿ ಬೆರಳಿಂದ ಮೆಲ್ಲಗೆ ಮೇಲೆತ್ತಿ ಬಿಡಿ, ಇಳಿದ ಶ್ರುತಿಯನ್ನು ಮತ್ತೆ ಏರಿಸಿ. ನಾಲ್ಕೈದು ಸಲ ಹೀಗೆ ಮಾಡಿದರೆ ಸುತ್ತುಗಳು ಕೂತುಬಿಡುತ್ತವೆ. "ತಂತಿ ಹಿಗ್ಗಿಸೋದು" ಅಂತ ಇದಕ್ಕೆ ಹೇಳುವ ರೂಢಿ. ಉಕ್ಕಿನ ಮಟ್ಟಿಗೆ ಆ ಮಾತು ಅಷ್ಟು ಸರಿಯಲ್ಲ. ನೈಲಾನ್ ತಂತಿಯಾದರೆ ಸರಿ. ಅದು ನಿಜವಾಗಿಯೂ ದಿನಗಟ್ಟಲೆ ನಿಧಾನವಾಗಿ ಹಿಗ್ಗುತ್ತಲೇ ಇರುತ್ತದೆ. ಶಾಸ್ತ್ರೀಯ ಗಿಟಾರಿಗೆ ಹಾಕುವುದು ನೈಲಾನನ್ನೇ. ಎರಡನೇ ಮಹಾಯುದ್ಧದ ಕಾಲದವರೆಗೆ ಅದಕ್ಕೆ ಕುರಿಯ ಕರುಳಿನ ತಂತಿ ಹಾಕುತ್ತಿದ್ದರು.

ಒಂದು ಎಚ್ಚರಿಕೆ. ನೈಲಾನಿನ ಗಿಟಾರಿಗೆ ಉಕ್ಕಿನ ತಂತಿ ಹಾಕಬೇಡಿ. ಅದರ ಹಲಗೆಯನ್ನು ಅಷ್ಟು ಎಳೆತಕ್ಕೆ ಮಾಡಿರುವುದಿಲ್ಲ, ಕುದುರೆ ಕಿತ್ತು ಬರುತ್ತದೆ. ಉಕ್ಕಿನ ತಂತಿ ಬಿಗಿಯುವಾಗ ಮುಖ ಹತ್ತಿರ ತರಬೇಡಿ. ಶ್ರುತಿಯಲ್ಲಿರುವ ಒಂದನೇ ತಂತಿ ತಾನು ಹರಿಯುವ ಮಿತಿಯ ಅರ್ಧಕ್ಕೂ ಮೀರಿದ ಎಳೆತದಲ್ಲಿರುತ್ತದೆ. ಹರಿದರೆ ಚಾಟಿಯಂತೆ ಬೀಸುತ್ತದೆ, ಕಣ್ಣಿಗೆ ಅಪಾಯ. ಹಳೇ ತಂತಿಯನ್ನೂ ಪೂರ್ತಿ ಸಡಿಲ ಮಾಡದೆ ಕತ್ತರಿಸಬಾರದು. ಆರನ್ನೂ ಒಟ್ಟಿಗೆ ಬಿಚ್ಚಬಹುದೇ ಅಂತ ಕೇಳುತ್ತಾರೆ. ಬಿಚ್ಚಿದರೆ ಗಿಟಾರ್ ಹಾಳಾಗೋದಿಲ್ಲ, ಆದರೂ ಕಲಿಯುವವರು ಒಂದೊಂದಾಗಿ ಬದಲಿಸೋದೇ ವಾಸಿ. ಉಳಿದ ಐದನ್ನು ನೋಡಿಕೊಂಡು ಮಾಡಬಹುದು.

ದಿಂಡಿಗಲ್ ಊರು ಬೀಗಕ್ಕೆ ಹೆಸರುವಾಸಿ. ಗಿಟಾರಿನ ಕೀ ಕೂಡ ಒಂದು ಥರದ ಬೀಗವೇ. ವೀಣೆಯ ಬಿರಡೆ ಬರೀ ಮರದ ಘರ್ಷಣೆಯಿಂದ ನಿಲ್ಲುತ್ತದೆ. ಗಿಟಾರಿನಲ್ಲಿ ತಿರುಪಿನಂಥ ಹಲ್ಲು ಒಂದು ಚಕ್ರವನ್ನು ತಿರುಗಿಸುತ್ತದೆ. ಸಾಮಾನ್ಯವಾಗಿ ಕೀಯನ್ನು 14 ಸಲ ತಿರುಗಿಸಿದರೆ ಕಂಬ ಒಂದು ಸುತ್ತು ಬರುತ್ತದೆ. ನೀವು ಕಂಬವನ್ನು ತಿರುಗಿಸಬಹುದು, ತಂತಿ ಎಳೆದು ಕೀಯನ್ನು ತಿರುಗಿಸಲಾರದು. ಆದರೆ ಹಲ್ಲುಗಳ ನಡುವೆ ಸ್ವಲ್ಪ ಸಡಿಲ ಇರುತ್ತದೆ. ಅದಕ್ಕೇ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಶ್ರುತಿ ಮಾಡಬೇಕು. ಹೆಚ್ಚಾಯಿತೇ? ಸ್ವಲ್ಪ ಜಾಸ್ತಿಯೇ ಇಳಿಸಿ, ಮತ್ತೆ ಏರಿಸಿ.

ಇನ್ನು ಬಿಸಿಲು. ಕಂಬಂ ಕಣಿವೆಯಲ್ಲಾಗಲಿ, ನಮ್ಮ ವಿಜಯಪುರದಲ್ಲಾಗಲಿ, ದ್ರಾಕ್ಷಿ ಚಪ್ಪರದ ತಂತಿ ಬೆಳಿಗ್ಗೆ ಬಿಗಿಯಾಗಿದ್ದದ್ದು ಮಧ್ಯಾಹ್ನಕ್ಕೆ ಸ್ವಲ್ಪ ಜೋಲುತ್ತದೆ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗ ಹಿಗ್ಗುವುದೇ ಕಾರಣ. ದಿಂಡಿಗಲ್ ಜಿಲ್ಲೆಯ ಕೊಡೈಕನಾಲ್ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಕೆಳಗಿನ ಬಯಲಿಗಿಂತ 12 ಡಿಗ್ರಿಯಷ್ಟು ತಂಪು ಅಂತ ಇಟ್ಟುಕೊಳ್ಳೋಣ. ಕೊಡೈಕನಾಲಿನಲ್ಲಿ ಶ್ರುತಿ ಮಾಡಿದ ಗಿಟಾರನ್ನು ದಿಂಡಿಗಲ್ಲಿಗೆ ಇಳಿಸಿದರೆ 70 ಸೆಂಟಿಮೀಟರ್ ತಂತಿ ಬಿಸಿಗೆ 0.1 ಮಿಲಿಮೀಟರ್ ಹಿಗ್ಗುತ್ತದೆ. ನಮ್ಮ 5 ಮಿಲಿಮೀಟರಿನಲ್ಲಿ ಇದು ಐವತ್ತನೇ ಒಂದು ಭಾಗ. ಬಿಗಿತ ಶೇಕಡಾ 2 ಇಳಿಯಿತು, ಆವೃತ್ತಿ ಶೇಕಡಾ 1. ಅಂದರೆ 330 ಇದ್ದದ್ದು 327ರ ಹತ್ತಿರ. ಮರವೂ ಸ್ವಲ್ಪ ಹಿಗ್ಗುವುದರಿಂದ ನಿಜದಲ್ಲಿ ಇಳಿಕೆ ಇದಕ್ಕಿಂತ ಕಡಿಮೆ, ಆದರೆ ಕಿವಿಗೆ ಗೊತ್ತಾಗುತ್ತದೆ.

ತೇವ ಇನ್ನೊಂದು ಕಾಟ. ಮಳೆಗಾಲದಲ್ಲಿ ಮರ ಗಾಳಿಯ ತೇವ ಹೀರಿ ಉಬ್ಬುತ್ತದೆ. ಮೇಲಿನ ಹಲಗೆ ಉಬ್ಬಿ ಕುದುರೆ ಮೇಲೆದ್ದರೆ ಶ್ರುತಿ ಏರುತ್ತದೆ, ತಂತಿ ಒತ್ತಲೂ ಕಷ್ಟ. ಒಣ ಬೇಸಿಗೆಯಲ್ಲಿ ಇದರ ತಿರುಗುಮುರುಗು. ಗೋಡೆಗೆ ಬಿಸಿಲು ಬೀಳುವ ಕಡೆ ಗಿಟಾರನ್ನು ನೇತುಹಾಕೋದು, ಕಾರಿನೊಳಗೆ ಬಿಟ್ಟು ಹೋಗೋದು ಎರಡೂ ಬೇಡ.

ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಇದೆ, ಬಳಸಿ. ಆದರೆ ಒಮ್ಮೆಯಾದರೂ ಕಿವಿಯಿಂದ ಮಾಡಿ. ಆರನೇ ತಂತಿಯನ್ನು ಐದನೇ ಫ್ರೆಟ್ಟಿನಲ್ಲಿ ಒತ್ತಿ ಮಿಡಿದರೆ ಐದನೇ ತಂತಿಯ ಸ್ವರ ಬರಬೇಕು, 110 ಹರ್ಟ್ಜ್. ಹೀಗೇ ಕೆಳಗಿಳಿಯಿರಿ, ಮೂರನೇ ತಂತಿಯಿಂದ ಎರಡನೆಯದಕ್ಕೆ ಹೋಗುವಾಗ ಮಾತ್ರ ನಾಲ್ಕನೇ ಫ್ರೆಟ್. ಎರಡು ತಂತಿ ಒಟ್ಟಿಗೆ ಮಿಡಿದಾಗ 'ವಾಂವ್‌ ವಾಂವ್‌' ಅಂತ ಅಲೆಯುವ ಸದ್ದು ಕೇಳಿದರೆ ಅದು ವಿಸ್ಪಂದ. 110 ಮತ್ತು 108 ಇದ್ದರೆ ಸೆಕೆಂಡಿಗೆ ಎರಡು ಅಲೆ. ಅಲೆ ನಿಧಾನವಾಗುತ್ತಾ ನಿಂತುಹೋದರೆ ಶ್ರುತಿ ಕೂಡಿತು.

ಕಿವಿಯ ಮೇಲೆ ನಂಬಿಕೆ ಇಲ್ಲದವರಿಗೆ ಕಾಗದದ ಪ್ರಯೋಗ. ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ. ಸಣ್ಣ ಕಾಗದದ ಚೂರನ್ನು ಮಡಿಚಿ, ಗುಡಿಸಲಿನ ಮಾಡಿನ ಹಾಗೆ ಐದನೇ ತಂತಿಯ ನಡುಮಧ್ಯೆ, ಹನ್ನೆರಡನೇ ಫ್ರೆಟ್ಟಿನ ಮೇಲೆ ಕೂರಿಸಿ. ಆರನೇ ತಂತಿಯ ಐದನೇ ಫ್ರೆಟ್ ಒತ್ತಿ ಜೋರಾಗಿ ಮಿಡಿಯಿರಿ. ಶ್ರುತಿ ಕೂಡಿದ್ದರೆ ಯಾರೂ ಮುಟ್ಟದ ಐದನೇ ತಂತಿ ಅನುರಣಿಸಿ ಕಾಗದ ಕುಣಿದು ಬೀಳುತ್ತದೆ. ಕೂಡಿಲ್ಲದಿದ್ದರೆ ಕೂತೇ ಇರುತ್ತದೆ. ಐದನೇ ತಂತಿಯ ಶ್ರುತಿಯನ್ನು ಸ್ವಲ್ಪ ಸ್ವಲ್ಪ ಬದಲಿಸಿ, ಎಷ್ಟು ದೂರದವರೆಗೆ ಕಾಗದ ಅಲುಗುತ್ತೆ ಅಂತ ಪಟ್ಟಿ ಮಾಡಿ. ವಿಜ್ಞಾನ ಮೇಳಕ್ಕೆ ಇದೊಂದೇ ಸಾಕು.

ತಂತಿಯನ್ನು ಯಾವಾಗ ಬದಲಿಸಬೇಕು? ಬೆವರಿನ ಉಪ್ಪು ಉಕ್ಕಿಗೆ ತುಕ್ಕು ಹಿಡಿಸುತ್ತದೆ, ಸುತ್ತಿದ ಕಂಚಿನ ಸಂದಿಗಳಲ್ಲಿ ಕೊಳೆ ತುಂಬುತ್ತದೆ. ಆಗ ತಂತಿಯ ತೂಕ ಉದ್ದಕ್ಕೂ ಒಂದೇ ಸಮ ಇರೋದಿಲ್ಲ. ಖಾಲಿ ತಂತಿ ಶ್ರುತಿಯಲ್ಲಿದ್ದರೂ ಮೇಲಿನ ಫ್ರೆಟ್ಟುಗಳಲ್ಲಿ ಅಪಸ್ವರ ಬರುತ್ತದೆ, ನಾದ ಮಂಕಾಗುತ್ತದೆ. ದಪ್ಪ ತಂತಿಗಳನ್ನು ನೀರಿನಲ್ಲಿ ಕುದಿಸಿ ಮತ್ತೆ ಹಾಕುವವರಿದ್ದಾರೆ; ಕೊಳೆ ಬಿಟ್ಟು ಕೆಲವು ದಿನ ಚೆನ್ನಾಗಿಯೇ ನುಡಿಯುತ್ತದೆ, ತುಕ್ಕಿಗೆ ಮಾತ್ರ ಪ್ರಯೋಜನವಿಲ್ಲ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ಒರೆಸಿದರೆ ಆಯುಷ್ಯ ಹೆಚ್ಚುತ್ತದೆ.

ಬಿಚ್ಚಿದ ತಂತಿಯನ್ನು, ಅದರಲ್ಲೂ ಕತ್ತರಿಸಿದ ಚೂಪು ತುದಿಗಳನ್ನು, ಹಿತ್ತಲಿಗೆ ಎಸೆಯಬೇಡಿ. ಹಸು ಮೇವಿನ ಜೊತೆ ತಂತಿಯ ಚೂರು ನುಂಗಿದರೆ ಅದು ಹೊಟ್ಟೆಯ ಗೋಡೆಗೆ ಚುಚ್ಚಿಕೊಂಡು ಜೀವಕ್ಕೇ ಬರಬಹುದು. ಸುರುಳಿ ಸುತ್ತಿ ಕಾಗದದಲ್ಲಿ ಕಟ್ಟಿ ಗುಜರಿಗೆ ಹಾಕಿ. ಒಂದನೇ ತಂತಿಯ ಒಂದು ತುಂಡನ್ನು ಮಾತ್ರ ಸೋನೋಮೀಟರಿಗೆ ಇಟ್ಟುಕೊಳ್ಳಿ, ಮೇಲಿನ ಲೆಕ್ಕವನ್ನು ನೀವೇ ತೂಕದ ಕಲ್ಲು ಕಟ್ಟಿ ನೋಡಬಹುದು.